ವೂ–ದ್ರಿ–ಯೇ–ವೂ ಮತ್ತು ಕೊನೆಯ ಹೋಳಿಗೆ

ನಡುವಯಸ್ಸು ದಾಟಿದ ಗಂಡಸು ಹೊಸ ವಿದ್ಯೆ ಕಲಿಯಲು ಹೊರಟರೆ ಅದರ ಕಷ್ಟವೆಲ್ಲ ಬೀಳುವುದು ಮನೆಯವರ ಮೇಲೆ. ನನ್ನ ಕಚೇರಿ ಇರುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಫ್ರಾನ್ಸಿನ ಗಿರಾಕಿ ಸಿಕ್ಕಿದ್ದೇ ತಡ, ನಮಗೆಲ್ಲ ಫ್ರೆಂಚ್ ಪಾಠ ಶುರುವಾಯಿತು. ವರ್ತಮಾನ, ಭೂತಗಳನ್ನು ಹೇಗೋ ದಾಟಿದ ನಾನು ಸಿಕ್ಕಿಬಿದ್ದದ್ದು ಕಂಡಿಷನಲ್ ಎಂಬ ವಿನಯದ ರೂಪದಲ್ಲಿ. ‘ಬೇಕಾ’ ಎಂದು ನೇರವಾಗಿ ಕೇಳದೆ, ‘ತಮಗೆ ಬೇಕೆನಿಸಬಹುದೇನೋ’ ಎಂದು ಸುತ್ತಿ ಬಳಸಿ ಕೇಳುವ ಕ್ರಿಯಾಪದ ಅದು. ಅದನ್ನು ವೂ–ದ್ರಿ–ಯೇ–ವೂ ಎಂದು ಬಿಡಿಸಬೇಕಂತೆ. ಹೈಸ್ಕೂಲಿನಲ್ಲಿ ಛಂದಸ್ಸು ಓದಿದ ನಾನು, ಒತ್ತಕ್ಷರ ಕಂಡೊಡನೆ ಹಿಂದಿನದನ್ನು ಗುರು ಮಾಡಿ ವೂದ್–ರಿ ಎಂದು ಒತ್ತಿಬಿಡುತ್ತಿದ್ದೆ. ‘ದ್ರಿ’ಯನ್ನು ಒಡೆಯಬೇಡಿ ಎಂದು ಪಾಠದ ಮೇಡಂ ಗೋಗರೆದರು. ‘ಯೇ’ಯ ಕೊನೆಗೆ ಬರೆದಿದ್ದ ಝಡ್ ಅನ್ನು, ಪಾಪ ಅದೂ ಇರಲಿ ಎಂದು ಉಚ್ಚರಿಸಿದರೆ ಅದಕ್ಕೂ ಆಕ್ಷೇಪಣೆ. ಬರೆದ ಮೇಲೆ ಓದಬಾರದೆಂದರೆ ಬರೆಯುವುದಾದರೂ ಯಾಕೆ ಎಂದು ನನಗೆ ನಿಜಕ್ಕೂ ಸಿಟ್ಟು ಬಂತು.

ಛಲ ಹಿಡಿದು ತೊಡೆ ತಟ್ಟಿಕೊಂಡು ಅಭ್ಯಾಸ ಮಾಡಿದೆ. ಕಂಪನಿ ಬಸ್ಸಿನಲ್ಲಿ ಪಕ್ಕದವರು ನಾನು ಜಪ ಮಾಡುತ್ತಿದ್ದೇನೆಂದು ತಿಳಿದು ಮಾತನಾಡಿಸುವುದನ್ನೇ ಬಿಟ್ಟರು. ಮನೆಯಲ್ಲಿ ಹೆಂಡತಿ ವಿಮಲಾ, “ನಿಮ್ಮ ವೂ ವೂ ಕೇಳಿ ಕೇಳಿ ಕುಕ್ಕರ್ ವಿಸಿಲ್ ಲೆಕ್ಕ ತಪ್ತಾ ಇದೆ ಕಣ್ರೀ,” ಎಂದಳು. ಅಷ್ಟರಲ್ಲಿ ಗಿರಾಕಿ ಕಡೆಯ ಇಂಜಿನಿಯರ್ ಲೂಕ್ ಸಿಂಗಸಂದ್ರದ ನಮ್ಮ ಮನೆಗೆ ಊಟಕ್ಕೆ ಬರುವುದು ಗೊತ್ತಾಯಿತು. ಆ ಒಂದು ವಾಕ್ಯವನ್ನಾದರೂ ತಡವರಿಸದೆ ಹೇಳದಿದ್ದರೆ ಮನೆಯಲ್ಲಿ ನನ್ನ ಮರ್ಯಾದೆ ಉಳಿಯುವಂತಿರಲಿಲ್ಲ.

ಲೂಕ್ ಬಂದ. ಅಮ್ಮ ಹೋಳಿಗೆ ಮಾಡಿದ್ದರು. ಎಲೆಯ ಮುಂದೆ ಕೂತವನಿಗೆ ನಾನು ಗಂಟಲು ಸರಿಮಾಡಿಕೊಂಡು, “ವೂ–ದ್ರಿ–ಯೇ–ವೂ” ಎಂದು ಶುರುಮಾಡಿ, ಇನ್ನೊಂದು ಹೋಳಿಗೆ ಬಡಿಸಲೇ ಎಂಬ ಅರ್ಥದ ವಾಕ್ಯವನ್ನು ಸುಸೂತ್ರವಾಗಿ ಮುಗಿಸಿದೆ. ಅವನ ಮುಖ ಅರಳಿತು. ಬೇಡ, ಧನ್ಯವಾದ ಎಂದ. ಸಾಕಂತೆ ಎಂದು ಅಮ್ಮನಿಗೆ ತಿಳಿಸಿದೆ.

“ಮೊದಲ್ನೇ ಸಲ ಎಲ್ರೂ ಹಂಗೇ ಅಂತಾರೆ, ನೀನು ಸುಮ್ನಿರು,” ಎಂದು ಅಮ್ಮ ತುಪ್ಪ ಸಮೇತ ಇನ್ನೊಂದು ಹಾಕಿದರು.

ನಾನು ಮತ್ತೆ ಕೇಳಿದೆ, ಅವನು ಮತ್ತೆ ಬೇಡವೆಂದ, ಅಮ್ಮ ಮತ್ತೆ ಬಡಿಸಿದರು. ಕೊನೆಗೆ ನಾನು “ವೂ” ಎನ್ನುತ್ತಿದ್ದಂತೆಯೇ ಪಾಪದವನು ಎರಡೂ ಕೈಯಿಂದ ಎಲೆ ಮುಚ್ಚಿಕೊಂಡು ಕೂತುಬಿಟ್ಟ. ನನ್ನ ಉಚ್ಚಾರಣೆ ಹೇಗಿತ್ತೆಂದು ಅವನನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.

ಅವನು ಹೋದ ಮೇಲೆ ಡಬ್ಬಿಯಲ್ಲಿ ಒಂದೇ ಹೋಳಿಗೆ ಉಳಿದಿತ್ತು. ಉಪಚಾರದ ಗಡಿಬಿಡಿಯಲ್ಲಿ ನಾನಿನ್ನೂ ಹೋಳಿಗೆಯ ರುಚಿಯನ್ನೇ ನೋಡಿರಲಿಲ್ಲ. ವಿಮಲಾ ಡಬ್ಬಿ ನನ್ನ ಮುಂದೆ ಹಿಡಿದು, “ವೂ–ದ್ರಿ–ಯೇ–ವೂ?” ಎಂದಳು. ‘ದ್ರಿ’ ಒಡೆಯಲಿಲ್ಲ, ಝಡ್ ಬಾಯಿಗೆ ಬರಲಿಲ್ಲ. ಇಷ್ಟು ದಿನ ಅಡುಗೆಮನೆಯಿಂದಲೇ ನನಗಿಂತ ಚೆನ್ನಾಗಿ ಕಲಿತಿದ್ದಾಳಲ್ಲ ಎಂದು ಬೆರಗಾದೆ. ಬಾಯಲ್ಲಿ ನೀರೂರುತ್ತಿದ್ದರೂ ಅಭ್ಯಾಸಬಲದಿಂದ, “ಅಯ್ಯೋ, ನಂಗ್ಯಾಕೆ? ಬೇಡ ಬಿಡೇ,” ಎಂದು ಎರಡನೆಯ ಒತ್ತಾಯಕ್ಕೆ ಕಾದೆ.

“ಸರಿ ಬಿಡಿ,” ಎಂದು ವಿಮಲಾ ಅದನ್ನು ತಾನೇ ತಿಂದಳು.