ಬೆಂಕಿರಾಕ್ಷಸನೂ ಮುಂಡಾಜೆಯ ಅಕ್ಕನೂ

"ಭಾನುವಾರ ಹನ್ನೆರಡು ಗಂಟೆಯೊಳಗೆ ಆ ಬೆಂಕಿರಾಕ್ಷಸ ಸಾಯದಿದ್ದರೆ ನನ್ನ ಕಂಪ್ಯೂಟರ್ ನಿನ್ನ ಮನೆಗೆ! ಜೀಪು ತಕ್ಕೊಂಡೇ ಬಾ!"

ಇಂಥ ಘನಘೋರ ಪ್ರತಿಜ್ಞೆಯನ್ನು ಶೋಧನ್ ಫೋನಿನಲ್ಲಿ ಮಾಡಿದ್ದು ಮುಂಡಾಜೆಯ ಅಕ್ಕ ಕಾಂತಿಯ ಮುಂದೆ. 2004ರ ಬೇಸಗೆ. ಮೂಡುಬಿದಿರೆಯ ಅವನ ಮನೆಗೆ ಕಂಪ್ಯೂಟರ್ ಬಂದು ಮೂರು ತಿಂಗಳಾಗಿತ್ತು. ಆಫೀಸಿನ ಕೆಲಸಕ್ಕೆಂದು ತಂದ ಯಂತ್ರದೊಳಗಿನ ಒಂದು ಆಟದಲ್ಲಿ ಶೋಧನ್ ಮಹಾಮಾಂತ್ರಿಕನಾಗಿಬಿಟ್ಟಿದ್ದ. "ಮೂರು ತಿಂಗಳಲ್ಲಿ ಒಂದು ರಾಕ್ಷಸ ಸಾಯಲಿಲ್ಲವಾ? ನನ್ನ ಮಗಳಿಗೆ ಕೊಡು, ಓದಲಿಕ್ಕಾದರೂ ಆಗ್ತದೆ" ಎಂದು ಅಕ್ಕ ಕೆಣಕಿದ್ದೇ ತಡ, ನಾಲಿಗೆ ಜಾರಿತು.

ಆಟದಲ್ಲಿ ಅವನ ಸೈನ್ಯ ಇಬ್ಬರದು. ಗುರಾಣಿ ಹಿಡಿದ ಒಬ್ಬ ಭಟ, ಕೋಲು ಹಿಡಿದ ಒಬ್ಬ ಮಾಂತ್ರಿಕ. ಭಟನೆಂದರೆ ಶೋಧನನಿಗೆ ತಾತ್ಸಾರ. ಪೆಟ್ಟು ತಿನ್ನುವುದು ಬಿಟ್ಟರೆ ಆ ಪ್ರಾಣಿಗೆ ಬೇರೆ ವಿದ್ಯೆಯೇ ಇಲ್ಲ! ಅವನನ್ನು ಗುಹೆಯ ಬಾಗಿಲಲ್ಲಿ ಬಿಟ್ಟು, ಮಾಂತ್ರಿಕನನ್ನು ರಾಕ್ಷಸನ ಮೂಗಿನ ಕೆಳಗೇ ನುಗ್ಗಿಸಿ, ಇದ್ದಬದ್ದ ಬೆಂಕಿಯುಂಡೆಗಳನ್ನೆಲ್ಲ ಒಂದೇ ಉಸಿರಿಗೆ ಎಸೆಯುವುದು ಶೋಧನನ ಯುದ್ಧನೀತಿ. ಅರ್ಧ ನಿಮಿಷಕ್ಕೆ ಮಂತ್ರಶಕ್ತಿ ಖಾಲಿ. ಇನ್ನರ್ಧ ನಿಮಿಷಕ್ಕೆ ಮಾಂತ್ರಿಕ ಬೂದಿ!

"ಬೆಂಕಿಯವನಿಗೆ ಬೆಂಕಿ ಹಾಕಿದರೆ ಅವನಿಗೆ ಚಳಿ ಬಿಟ್ಟೀತು ಅಷ್ಟೆ" ಎಂದಳು, ಹಿಂದೆ ಕೂತು ಹಲಸಿನ ಬೀಜ ಸುಲಿಯುತ್ತಿದ್ದ ಹೆಂಡತಿ ವಿಜೇತಾ. "ಆ ನೀಲಿ ಹಿಮಬಾಣ ಉಂಟಲ್ಲ, ಅದು ಮತ್ತೆ ಯಾಕಿರುವುದು?"

"ನಿನಗೆ ಗೊತ್ತಾಗುವುದಿಲ್ಲ ಮಾರಾಯ್ತಿ. ಇದು ಗಂಡಸರ ಯುದ್ಧ!"

"ಹೌದೌದು. ಹೆಂಗಸರಾದರೆ ಇಷ್ಟು ಸಲ ಸಾಯ್ತಿರಲಿಲ್ಲ."

ಭಾನುವಾರ ಬೆಳಗ್ಗಿನಿಂದ ಹದಿನೇಳು ಸಲ ಸತ್ತದ್ದಾಯಿತು. ಹನ್ನೊಂದೂಕಾಲಿಗೆ ಗೇಟಿನಲ್ಲಿ ಜೀಪಿನ ಹಾರ್ನ್! ಕಾಂತಿಯಕ್ಕ ಕಂಪ್ಯೂಟರ್ ಸುತ್ತಲು ಎರಡು ಹಳೇ ಕಂಬಳಿ ಸಮೇತ ಇಳಿದಳು. ಶೋಧನ್ ಮೌಸ್ ಬಿಟ್ಟು ಎದ್ದ.

"ನೀವು ಜಗಲಿಗೆ ಹೋಗಿ" ಎಂದು ವಿಜೇತಾ ಮೆಲ್ಲಗೆ ಹೇಳಿದಳು. "ಅಕ್ಕ ಏನು ಹೇಳಿದರೂ ಹೂಂ ಅನ್ನಿ. ಹನ್ನೆರಡರವರೆಗೆ ಒಳಗೆ ಬಿಡಬೇಡಿ."

ಶೋಧನ್ ಹೋಗಿ ಕೂತ. ಅಕ್ಕ ಶುರು ಮಾಡಿದಳು.

"ತಲೆ ಬೆಳ್ಳಗಾಯ್ತು, ಇನ್ನೂ ಆಟ ಬಿಟ್ಟಿಲ್ಲ!"

"ಹೂಂ."

"ಬೆಳುವಾಯಿಯ ಮದುವೆಗೆ ನೀನು ಬರಲಿಲ್ಲ. ಜ್ವರ ಅಂತೆ! ಯಾವ ರಾಕ್ಷಸನ ಜ್ವರ ಮಾರಾಯ?"

"ಹೂಂ."

"ಬಂದು ಅರ್ಧ ಗಂಟೆ ಆಯ್ತು, ಈ ಮನೆಯಲ್ಲಿ ಒಂದು ಬೆಲ್ಲ ನೀರಿಗೂ ಗತಿ ಇಲ್ಲ!"

ಅಕ್ಕ ಏಳಲು ಹೊರಟಳು. ಶೋಧನ್ ಬಾಗಿಲಿಗೆ ಅಡ್ಡ ನಿಂತ. "ಅಕ್ಕ, ಭಾವನ ಮೊಣಕಾಲು ನೋವು ಹೇಗುಂಟು?" ಎಂದ. ಅಕ್ಕ ಮತ್ತೆ ಕೂತಳು. ಮೊಣಕಾಲಿನಿಂದ ಹೊರಟ ಮಾತು ಶೋಧನ್ ಆರನೇ ಕ್ಲಾಸಿನಲ್ಲಿ ನಾಪಾಸಾದಲ್ಲಿಗೆ ಬಂದು ಮುಟ್ಟಿತು.

ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಒಳಗಿನಿಂದ ಭಯಂಕರ ಅರಚಾಟ, ಹಿಂದೆಯೇ ಕಹಳೆ! ವಿಜೇತಾ ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ಹಿಡಿದು ಹೊರಬಂದಳು.

"ತಡವಾಯ್ತು ಅಕ್ಕ. ಒಳಗೆ ಒಬ್ಬ ರಾಕ್ಷಸನನ್ನು ಕೊಲ್ಲಲಿಕ್ಕಿತ್ತು."

ಕಾಂತಿಯಕ್ಕ ಒಳನುಗ್ಗಿ ನೋಡಿದಳು. ಪರದೆಯ ಮೇಲೆ ರಾಕ್ಷಸ ಅಂಗಾತ ಬಿದ್ದಿದ್ದ.

"ಕೊಂದದ್ದು ಇವನಲ್ಲವಲ್ಲ!"

"ಯಾರು ಕೊಲ್ಲಬೇಕು ಅಂತ ಮಾತೇ ಆಗಿರಲಿಲ್ಲ ಅಕ್ಕ. ಸಾಯಬೇಕು ಅಂತ ಮಾತ್ರ."

ಅಕ್ಕ ಒಂದು ಗಳಿಗೆ ದುರುಗುಟ್ಟಿ, ಆಮೇಲೆ ಬಿದ್ದು ಬಿದ್ದು ನಕ್ಕಳು. ಊಟ ಮುಗಿಸಿ, ತಂದ ಕಂಬಳಿಯಲ್ಲಿ ಎರಡು ಹಲಸಿನಹಣ್ಣು ಸುತ್ತಿಸಿಕೊಂಡು ಹೊರಟಳು. ಜೀಪು ತಿರುವು ದಾಟಿದ ಮೇಲಷ್ಟೇ ಶೋಧನನಿಗೆ ಹೋದ ಜೀವ ಬಂದಂತಾಯಿತು. ಕಂಪ್ಯೂಟರ್ ಉಳಿಯಿತು!

"ಮೂರು ತಿಂಗಳಲ್ಲಿ ನನ್ನಿಂದಾಗದ್ದು ನಿನಗೆ ಮುಕ್ಕಾಲು ಗಂಟೆಯಲ್ಲಿ ಹೇಗಾಯ್ತು?"

"ಭಟನನ್ನು ಮುಂದೆ ನಿಲ್ಲಿಸಿದೆ, ಪೆಟ್ಟೆಲ್ಲ ಅವನು ತಿಂದ. ಮಾಂತ್ರಿಕ ದೂರ ಹಿಂದೆ. ಶಕ್ತಿ ಉಳಿಸಿಕೊಂಡು ಒಂದೊಂದೇ ಹಿಮಬಾಣ ಬಿಟ್ಟೆ, ಮುಗೀತು."

"ಇದನ್ನೆಲ್ಲ ಎಲ್ಲಿ ಕಲಿತೆ ಮಾರಾಯ್ತಿ?"

"ಮದುವೆಯಾಗಿ ಹದಿನಾಲ್ಕು ವರ್ಷ ಆಯ್ತು. ನಿಮ್ಮ ಅಕ್ಕ ಬಂದಾಗಲೆಲ್ಲ ನಿಮ್ಮನ್ನು ಜಗಲಿಯಲ್ಲಿ ಕೂರಿಸುವುದು ಯಾರು?"

ಶೋಧನ್ ಪರದೆಯತ್ತ ನೋಡಿದ. ಗುರಾಣಿಯೆಲ್ಲ ನಜ್ಜುಗುಜ್ಜಾಗಿ, ಭಟ ಇನ್ನೂ ಹೇಗೋ ನಿಂತಿದ್ದ. ತಟ್ಟೆಯಲ್ಲಿ ಉಳಿದಿದ್ದ ಬೆಲ್ಲವನ್ನು ಬಾಯಿಗೆ ಹಾಕಿಕೊಳ್ಳಹೋದವನಿಗೆ, ಆ ಬಡಪಾಯಿಗೂ ಒಂದು ತುಂಡು ಕೊಡಬೇಕೆನಿಸಿತು.