ಟಿವಿ ಬೆನ್ನಿನ ಮೂರನೇ ಕಿಂಡಿಯವರಲ್ಲಿ ಒಂದು ಬಿನ್ನಹ

ಮಾನ್ಯರೇ,

ನಾರಿನ್ ಪಟ್ಟಣದ ಹೊಳೆದಂಡೆ ಬೀದಿಯ ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ, ನಡುಮನೆಯ ಟಿವಿಯ ಬೆನ್ನಿನ ಮೇಲೆ, ಗೋಡೆಗೆ ಮುಖ ಮಾಡಿಕೊಂಡು ಯಾರ ತಂಟೆಗೂ ಹೋಗದೆ ವಾಸವಾಗಿರುವ ತಮಗೆ, ಅದೇ ಮನೆಯಲ್ಲಿ ತಮಗಿಂತ ಹೆಚ್ಚು ಸದ್ದು ಮಾಡಿಕೊಂಡಿರುವ ಇಶೆನಾಲಿ ಎಂಬ ಅರವತ್ತೆಂಟು ವರ್ಷದವನು ಮಾಡುವ ಸವಿನಯ ನಮಸ್ಕಾರಗಳು. ತಾವು ಆರೋಗ್ಯವಾಗಿದ್ದೀರೆಂದೂ, ತಮ್ಮ ಅಕ್ಕಪಕ್ಕದ ಒಂದನೇ ಮತ್ತು ಎರಡನೇ ಕಿಂಡಿಯವರು ಸೌಖ್ಯವೆಂದೂ ನಂಬಿದ್ದೇನೆ. ಈ ಪತ್ರದ ಪ್ರತಿಯೊಂದನ್ನು ಕಟ್ಟಡದ ಬಾಗಿಲಲ್ಲಿ, ಬಿಸಿನೀರು ನಿಲ್ಲುವ ದಿನಗಳ ಸೂಚನೆಯ ಪಕ್ಕದಲ್ಲಿ ಅಂಟಿಸುತ್ತಿದ್ದೇನೆ. ನಡೆದದ್ದು ಹೇಗೂ ಎಲ್ಲರಿಗೂ ಗೊತ್ತಾಗಿದೆ. ನನ್ನ ಬಾಯಿಂದಲೂ ಗೊತ್ತಾಗಲಿ.

ನಾನು ಯಾರೆಂದು ತಮಗೆ ತಿಳಿದಿರಲಾರದು. ಹೇಳಿಕೊಳ್ಳುವುದು ನನ್ನ ಚಾಳಿಯಾದ್ದರಿಂದ ಹೇಳುತ್ತೇನೆ. ಜಿಲ್ಲೆಯ ಸಂಸ್ಕೃತಿ ಭವನದಲ್ಲಿ ಮೂವತ್ತೊಂದು ವರ್ಷ ಧ್ವನಿವರ್ಧಕದ ಉಸ್ತುವಾರಿ ನನ್ನದಾಗಿತ್ತು. ಮಂತ್ರಿಗಳು ಕೆಮ್ಮಿದ್ದು ಕೊನೆಯ ಸಾಲಿಗೂ ಕೇಳಿಸುವಂತೆ ಮಾಡಿದವನು ನಾನು. ಅಂಥವನು ಹೊಸ ಟಿವಿಯೊಂದಿಗೆ ಉದ್ದನೆಯ ಸ್ಪೀಕರ್ ಪೆಟ್ಟಿಗೆಯನ್ನೂ, ಅದರ ಜೋಡಿಯಾದ ಗುಡುಗುವ ಡಬ್ಬವನ್ನೂ ಬಜಾರಿನಿಂದ ತಂದ ದಿನ, ಅಂಗಡಿಯ ಹುಡುಗಿ "ಜೋಡಿಸೋಕೆ ಯಾರನ್ನಾದರೂ ಕಳಿಸಲಾ?" ಎಂದು ಕೇಳಿದಾಗ, ಪಕ್ಕದಲ್ಲಿದ್ದ ಗಿರಾಕಿಗಳ ಕಡೆಗೆಲ್ಲ ಒಮ್ಮೆ ನೋಡಿ ನಕ್ಕೆನೆಂದರೆ ತಾವು ಕ್ಷಮಿಸಬೇಕು. ಆ ನಗುವನ್ನು ಈಗ ಹಿಂದಕ್ಕೆ ಪಡೆಯುತ್ತಿದ್ದೇನೆ.

ಪೆಟ್ಟಿಗೆ ತಂದದ್ದು ನನ್ನ ಹಿರಿಯಕ್ಕ ಬುರುಲ್ ಎಜೆಗಾಗಿ (ನಮ್ಮಲ್ಲಿ ಅಕ್ಕನಿಗೆ ಎಜೆ, ಅಣ್ಣನಿಗೆ ಬೈಕೆ ಅನ್ನುತ್ತೇವೆ). ತಾಯಿ ತೀರಿಕೊಂಡ ಮೇಲೆ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಕುರಿ ಮೇಯಿಸಿದವಳು ಅವಳು. ಈಗ ಎಪ್ಪತ್ತೊಂಬತ್ತು; ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ತನಗೆ ಬೇಕಾದಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಅವಳ ಮೊಮ್ಮಗಳು ಮೀರಿಮ್ ರಾಜಧಾನಿಯ ಸಂಗೀತ ಶಾಲೆಯಲ್ಲಿ ಓದುತ್ತಾಳೆ. ವಸಂತದ ನೂರುಜ್ ಹಬ್ಬದ ಬೆಳಿಗ್ಗೆ ಹನ್ನೊಂದಕ್ಕೆ ಆ ಹುಡುಗಿ ಅಲ್ಲಿನ ಚೌಕದಲ್ಲಿ ಹಾಡುವುದನ್ನು ಟಿವಿಯವರು ನೇರವಾಗಿ ತೋರಿಸುವವರಿದ್ದರು. ಹಾಡು ಅಜ್ಜಿಯೇ ಕಲಿಸಿದ್ದು: ಮರಿ ಹಾಕಿದ ಕುರಿ ತನ್ನ ಮರಿಯನ್ನು ಒಲ್ಲೆನೆಂದಾಗ ಅದರ ಮನಸ್ಸು ಕರಗಿಸಲು ಹೆಂಗಸರು ಹಾಡುವ ಹಾಡು.

"ಎಜೆ, ನೀನು ಕಿವಿಯಲ್ಲಿ ಕೇಳೋದೇ ಬೇಡ. ನೆಲ ಅದುರುತ್ತೆ! ಪಾದದಲ್ಲೇ ಕೇಳಿಸುತ್ತೆ!" ಎಂದು ಅವಳ ಬಲಗಿವಿಗೆ ಕೂಗಿ ಹೇಳಿದ್ದೂ, ಹಾಗೆ ಕೂಗಿದ್ದು ಇಡೀ ಬೀದಿಗೆ ಕೇಳಿ ಹದಿನಾಲ್ಕು ಜನ ನಮ್ಮ ಮನೆಗೇ ಬರುವುದೆಂದು ತೀರ್ಮಾನವಾದದ್ದೂ ನನ್ನ ತಪ್ಪೇ. ಎದುರುಮನೆಯ ಶಾರ್ಶೆನ್, ಬಸ್ ಓಡಿಸಿ ನಿವೃತ್ತನಾದವನು, ಹಬ್ಬದ ಹಿಂದಿನ ದಿನ ಮೆಟ್ಟಿಲಲ್ಲಿ ಸಿಕ್ಕಿ "ಬೈಕೆ, ಒಂದು ಸಲ ಹಾಕಿ ನೋಡಿದ್ದೀರಾ?" ಎಂದು ಕೇಳಿದ.

"ನೀನು ಬಸ್ ಓಡಿಸುವಾಗ ಬ್ರೇಕ್ ಇದೆಯಾ ಅಂತ ನಾನು ಕೇಳಿದ್ದೆನಾ?"

"ಒಂದೆರಡು ಸಲ ಕೇಳಬೇಕಿತ್ತು, ಬೈಕೆ," ಎಂದ ಶಾರ್ಶೆನ್, ಗಂಭೀರವಾಗಿ.

ಹಬ್ಬದ ದಿನ ಒಂಬತ್ತಕ್ಕೆ, ಟಿವಿಯನ್ನೂ ಪೆಟ್ಟಿಗೆಯನ್ನೂ ಜೋಡಿಸುವ ತಂತಿ ಹಿಡಿದು ಕುಳಿತೆ. ತಮ್ಮ ನೆರೆಯ ಎರಡನೇ ಕಿಂಡಿಯವರು ಕೈಗೆ ಸುಲಭವಾಗಿ ಸಿಕ್ಕಿದರು, ತಂತಿಯನ್ನು ಯಾವ ತಕರಾರೂ ಇಲ್ಲದೆ ಬರಮಾಡಿಕೊಂಡರು, ಪೆಟ್ಟಿಗೆಯ ದೀಪವೂ ಬೆಳಗಿತು. ಇಷ್ಟೆಲ್ಲ ಸೌಜನ್ಯ ತೋರಿದವರನ್ನು ಅನುಮಾನಿಸುವುದು ಹೇಗೆ? ಟಿವಿಗೆ "ನೀನಿನ್ನು ಸುಮ್ಮನಿರು, ಮಾತಾಡುವ ಕೆಲಸ ಪೆಟ್ಟಿಗೆಯದು" ಎಂದು ಆಯ್ಕೆಪಟ್ಟಿಯಲ್ಲಿ ಅಪ್ಪಣೆ ಕೊಟ್ಟೆ. ಆ ದಿನ ನಾನು ಕೊಟ್ಟ ಅಪ್ಪಣೆಗಳಲ್ಲಿ ಚಾಚೂ ತಪ್ಪದೆ ಪಾಲನೆಯಾದದ್ದು ಅದೊಂದೇ. ಟಿವಿ ಸುಮ್ಮನಾಯಿತು. ಪೆಟ್ಟಿಗೆಯೂ ಸುಮ್ಮನಿತ್ತು.

ಆಮೇಲೆ ಬೆಳಕಿನ ತಂತಿ. ದನಿಯನ್ನು ಬೆಳಕಾಗಿಸಿ ಒಯ್ಯುವ ಆ ತೆಳ್ಳನೆಯ ತಂತಿಯ ತುದಿಯಲ್ಲಿ ಗೋಧಿಕಾಳಿನಷ್ಟು ಒಂದು ಟೋಪಿ ಇರುತ್ತದೆ; ಅದನ್ನು ತೆಗೆದು ಸಿಕ್ಕಿಸಬೇಕು. ನಾನು ಟೋಪಿಸಮೇತ ತಳ್ಳಿದೆ, ಹೋಗದಿದ್ದಾಗ ಇನ್ನಷ್ಟು ತಳ್ಳಿದೆ, ಕಡೆಗೆ ಅಂಗಡಿಯವಳಿಗೆ ಬೈದೆ. ಅಷ್ಟರಲ್ಲಿ ಜನ ಬಂದು ಕಂಬಳಿಗಳ ಮೇಲೆ ಕುಳಿತು ಕರಿದ ಹಿಟ್ಟಿನ ಬೊರ್ಸೊಕ್ ತುಂಡುಗಳನ್ನು ಮೆಲ್ಲುತ್ತ ನನ್ನ ಬೆನ್ನನ್ನು ನೋಡತೊಡಗಿದ್ದರು. ತಂತಿಯೇ ಬೇಡವೆಂದು ಬ್ಲೂಟೂತ್ ಹಚ್ಚಿದೆ. ಪೆಟ್ಟಿಗೆ ಟಿವಿಯನ್ನು ಬಿಟ್ಟು ನನ್ನ ಜೇಬಿನ ಫೋನಿನ ಜೊತೆ ಸ್ನೇಹ ಬೆಳೆಸಿತು. ಅದೇ ಗಳಿಗೆಗೆ ಔಷಧಿ ಅಂಗಡಿಯವರು ಕರೆ ಮಾಡಿದರು. "ಇಶೆನಾಲಿ ಬೈಕೆ, ನಿಮ್ಮ ಮೂಲವ್ಯಾಧಿ ಮುಲಾಮು ಬಂದಿದೆ, ಈ ಸಲ ದೊಡ್ಡ ಟ್ಯೂಬು!" ಎಂಬ ಸುದ್ದಿ ಹದಿನಾಲ್ಕು ಅತಿಥಿಗಳಿಗೂ, ಮೇಲಿನ ಕೆಳಗಿನ ಮಹಡಿಯವರಿಗೂ ತಲುಪಿತು. ವೃತ್ತಿನಿಷ್ಠೆಯಿಂದ ಹೇಳಬೇಕೆಂದರೆ, ಅಷ್ಟು ಸ್ವಚ್ಛವಾದ ಧ್ವನಿಯನ್ನು ನನ್ನ ಮೂವತ್ತೊಂದು ವರ್ಷದ ಸೇವೆಯಲ್ಲಿ ಕೇಳಿದ್ದಿಲ್ಲ.

ಟಿವಿಗೆ ಅದರ ಬಾಯನ್ನಾದರೂ ಮರಳಿಸೋಣವೆಂದು ಮತ್ತೆ ಆಯ್ಕೆಪಟ್ಟಿಗೆ ಹೋದೆ. ಏನು ಒತ್ತಿದೆನೋ, ಪಟ್ಟಿಯ ಭಾಷೆಯೇ ಬದಲಾಗಿ, ಕೋಣೆಯಲ್ಲಿ ಯಾರಿಗೂ ಓದಲು ಬಾರದ ದುಂಡುದುಂಡನೆಯ ಅಕ್ಷರಗಳು ತೆರೆಯ ತುಂಬ ಕುಳಿತವು.

"ಬನ್ನಿ, ಎಲ್ಲ ನಮ್ಮನೆಗೆ ಹೋಗೋಣ," ಎಂದು ಶಾರ್ಶೆನ್ ಎದ್ದ. "ನಮ್ಮದು ಹಳೇ ಟಿವಿ. ಆದರೆ ಮಾತಾಡುತ್ತೆ."

"ಇನ್ನೆರಡೇ ನಿಮಿಷ," ಎಂದೆ.

ಮಾನ್ಯರೇ, ಈ ಪತ್ರದಲ್ಲಿ ದೂರು ಎಂಬುದಿದ್ದರೆ ಅದು ಆ ಎರಡು ನಿಮಿಷದ ಮೇಲೆ, ಮತ್ತು ಅದನ್ನು ಕೇಳಿದ ನಾಲಿಗೆಯ ಮೇಲೆ. ಏಕೆಂದರೆ ಆಗಲೇ ಪಟ್ಟಿ ತಾನಾಗಿ ಮಾಯವಾಗಿ ತೆರೆಯ ಮೇಲೆ ಮೀರಿಮ್ ಬಂದಳು. ಕೆಂಪು ಉಡುಗೆ, ಗರಿ ಸಿಕ್ಕಿಸಿದ ಟೋಪಿ, ಮಡಿಲಲ್ಲಿ ಮೂರು ತಂತಿಯ ಕೋಮುಜ್. ಬೆರಳು ಆಡಿತು, ತುಟಿ ತೆರೆಯಿತು. ನಮ್ಮ ಮನೆಯಲ್ಲಿ ಕೇಳಿಸಿದ್ದು ಒಲೆಯ ಮೇಲಿನ ಚಹಾದ ಪಾತ್ರೆಯ ಕೊತಕೊತ ಮಾತ್ರ. ನನ್ನ ಕೈಯಲ್ಲಿದ್ದ ರಿಮೋಟು ಬೆವರಿನಿಂದ ಜಾರುತ್ತಿತ್ತು. ನನ್ನ ಹೆಂಡತಿ ಜಿಪಾರ್ ಬಾಗಿಲಲ್ಲಿ ಚಹಾದ ಬಟ್ಟಲು ಹಿಡಿದು ನಿಂತವಳು ಕಣ್ಣು ಕೆಳಗೆ ಹಾಕಿದಳು.

ಆಗ ಬುರುಲ್ ಎಜೆ ಹಾಡಿದಳು.

ಗುಡುಗುವ ಡಬ್ಬದ ಪಕ್ಕದಲ್ಲೇ, ಉಣ್ಣೆಯ ಕಾಲುಚೀಲದ ಪಾದಗಳನ್ನು ನೆಲಕ್ಕೆ ಊರಿ ಕುಳಿತಿದ್ದವಳು, ಮೊಮ್ಮಗಳ ತುಟಿಯ ಮೇಲಿಂದ ಕಣ್ಣು ತೆಗೆಯದೆ, "ಬಾ ಮರಿಯೇ, ಬಿಳಿಮೂತಿ ಮರಿಯೇ" ಎಂದು ಶುರುಮಾಡಿದಳು. ದನಿ ಒಡೆದಿತ್ತು, ತಗ್ಗಿನದಾಗಿತ್ತು. ಆದರೆ ಹುಡುಗಿಯ ತುಟಿಗೂ ಮುದುಕಿಯ ದನಿಗೂ ಕೂದಲೆಳೆಯಷ್ಟು ಅಂತರವಿರಲಿಲ್ಲ. ಯಾರೂ ಬಟ್ಟಲು ಸಹ ಕೆಳಗಿಡಲಿಲ್ಲ. ಎರಡನೇ ಚರಣದಲ್ಲಿ ಅವಳು ಇದ್ದಕ್ಕಿದ್ದಂತೆ ಮೊಣಕಾಲು ತಟ್ಟಿಕೊಂಡು ದನಿ ಎತ್ತಿದಳು. ನಾವೆಲ್ಲ ಅವಳ ಕಡೆಗೇ ತಿರುಗಿಬಿಟ್ಟೆವು. ಹಾಡು ಮುಗಿದಾಗ ಕನ್ನಡಕ ಒರೆಸಿಕೊಳ್ಳದಿದ್ದವರು ಕನ್ನಡಕ ಇಲ್ಲದವರು ಮಾತ್ರ.

"ಎಷ್ಟು ಚೆನ್ನಾಗಿ ಕೇಳಿಸಿತು ಕಣೋ ಇಶೆನ್," ಎಂದಳು ಎಜೆ. "ಒಳ್ಳೇ ಪೆಟ್ಟಿಗೆ ತಂದಿದ್ದೀಯ."

ನಾನು ಶಾರ್ಶೆನ್‌ನ ಮುಖ ನೋಡಿದೆ. ಅವನು ತನ್ನ ಬಟ್ಟಲಿನೊಳಗೆ ನೋಡುತ್ತ, "ಹೌದು ಎಜೆ, ಬಹಳ ಸ್ಪಷ್ಟ," ಎಂದ. ಉಳಿದವರೂ ತಲೆಯಾಡಿಸಿದರು. ಪಾಪ, ಕಿವುಡಿ, ಸದ್ದಿಲ್ಲದ್ದು ಗೊತ್ತೇ ಆಗಲಿಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡು, ನಾಚಿಕೆಗೆಟ್ಟವನಂತೆ ನಿಟ್ಟುಸಿರು ಬಿಟ್ಟೆ. ಅವಳು ಎರಡು ಬಟ್ಟಲು ಗೋಧಿಮೊಳಕೆಯ ಪಾಯಸ ತಿಂದು ವ್ಯಾನ್ ಹತ್ತಿ ಮನೆಗೆ ಹೋದಳು.

ತಮ್ಮ ಪರಿಚಯಭಾಗ್ಯ ದೊರೆತದ್ದು ಮರುದಿನ. ಜಿಪಾರ್ ತನ್ನ ಕೈಗನ್ನಡಿಯನ್ನು ಟಿವಿಯ ಹಿಂದಕ್ಕೆ ಹಿಡಿದು, "ಅಲ್ಲ ಮುದುಕಪ್ಪಾ, ಇಲ್ಲಿ ಮೂರನೇದರ ಪಕ್ಕ ಮಾತ್ರ ಇನ್ನೂ ಮೂರು ಅಕ್ಷರ ಬರೆದಿದೆಯಲ್ಲ? ಬೇರೆಯವಕ್ಕೆ ಇಲ್ಲವಲ್ಲ?" ಎಂದಳು. ಎ, ಆರ್, ಸಿ. ಟಿವಿಯ ದನಿಯನ್ನು ಹೊರಗೆ ಕಳಿಸುವ ಅಧಿಕಾರ ಮೂವರಲ್ಲಿ ತಮಗೊಬ್ಬರಿಗೇ ಇದೆಯೆಂಬುದನ್ನು ಗಸಗಸೆಯಷ್ಟು ಅಕ್ಷರದಲ್ಲಿ, ಗೋಡೆಗೆ ಮಾತ್ರ ಕಾಣುವಂತೆ ಪ್ರಕಟಿಸಿರುವ ತಮ್ಮ ವಿನಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಜಿಪಾರ್ ತಂತಿ ಕಿತ್ತು ತಮ್ಮಲ್ಲಿ ಸಿಕ್ಕಿಸಿದಳು. ಹವಾಮಾನ ವರದಿ ಗುಡುಗಿತು, ಕಪಾಟಿನ ಬಟ್ಟಲುಗಳು ನಡುಗಿದವು. ಅವಳು ನನ್ನ ಕಡೆ ನೋಡಲೂ ಇಲ್ಲ. "ಚಹಾ ಆರುತ್ತಿದೆ," ಎಂದಷ್ಟೇ ಹೇಳಿ ಒಳಗೆ ಹೋದಳು. ಮದುವೆಯಾಗಿ ನಲವತ್ತೆರಡು ವರ್ಷದಲ್ಲಿ ಅವಳು ನನಗೆ ಕೊಟ್ಟ ಅತಿ ಘೋರ ಶಿಕ್ಷೆ ಅದು.

ಗುರುವಾರ ಮಧ್ಯಾಹ್ನ ಕಾರ್ಯಕ್ರಮದ ಮರುಪ್ರಸಾರವಿತ್ತು. ಎಜೆಯನ್ನು ಕರೆತಂದೆ, ನಾವು ಮೂವರೇ ಕುಳಿತೆವು. ಈ ಸಲ ಮೀರಿಮ್‌ಳ ದನಿ ಬಂತು, ಎಳೆಯದು, ತಿಳಿಯಾದದ್ದು. ಎರಡನೇ ಚರಣಕ್ಕೆ ಬಂದಾಗ ನಿಂತುಹೋಯಿತು. ನಾಲ್ಕು ಸಾಲು ಪೂರ್ತಿ ಕೋಮುಜ್ ಒಂದೇ ನುಡಿಯಿತು. ಹುಡುಗಿ ಪದ ಮರೆತಿದ್ದಳು. ನಾನು ಮೊದಲು ತಂತಿಯನ್ನು ನೋಡಿದೆ, ತಮ್ಮನ್ನು ಅನುಮಾನಿಸಿದೆ, ಆಮೇಲೆ ಎಜೆಯ ಕಡೆ ತಿರುಗಿದೆ. ಅವಳು ಟಿವಿಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

"ಮರೆತಳಾ?" ಎಂದು ಕೇಳಿದಳು.

"ಮರೆತಳು."

"ಗೊತ್ತು. ಆವತ್ತೇ ತುಟಿ ನಿಂತುಹೋಗಿತ್ತು. ನಿಮ್ಮ ಕಣ್ಣಿಗೆ ಬೀಳದಿರಲಿ ಅಂತ ಅಲ್ಲಿ ಜೋರಾಗಿ ಹಾಡಿದೆ."

"ಹಾಗಾದರೆ ಪೆಟ್ಟಿಗೆ ಮೂಕವಾಗಿತ್ತು ಅನ್ನೋದು..."

"ನೆಲ ಅದುರುತ್ತೆ ಅಂದಿದ್ದೆಯಲ್ಲ. ಆವತ್ತು ಈ ಕೋಣೆಯಲ್ಲಿ ಅದುರುತ್ತಿದ್ದವನು ನೀನೊಬ್ಬನೇ." ಎಜೆ ಬಾಯಲ್ಲಿ ಉಳಿದ ಎರಡು ಹಲ್ಲು ಕಾಣುವಂತೆ ನಕ್ಕಳು. "ಅಲ್ಲಿ ಅವಳು ಒದ್ದಾಡ್ತಿದ್ದಾಳೆ, ಇಲ್ಲಿ ನೀನು. ಯಾರಾದರೂ ಒಬ್ಬರು ಹಾಡಬೇಕಿತ್ತಲ್ಲ."

ಹಬ್ಬದಿಂದ ನಾಲ್ಕು ದಿನ ಮೀರಿಮ್ ಯಾರ ಫೋನೂ ಎತ್ತಿರಲಿಲ್ಲ, ಪುರುಸೊತ್ತಿಲ್ಲವೇನೋ ಅಂದುಕೊಂಡಿದ್ದೆವು. ಎಜೆ ಹೇಳಿದಂತೆ ಅವಳ ಹಾಸ್ಟೆಲಿನ ಮೇಲ್ವಿಚಾರಕಿಗೆ ಫೋನ್ ಮಾಡಿ ಹುಡುಗಿಯನ್ನು ಕರೆಸಿದೆ. ಅತ್ತು ಅತ್ತು ದನಿ ಕಟ್ಟಿತ್ತು. ಶಾಲೆ ಬಿಟ್ಟು ಬರುತ್ತೇನೆ ಎಂದಳು. "ಏನಮ್ಮಾ ಆಯಿತು? ನಮ್ಮ ಮನೆಯಲ್ಲಿ ಒಂದು ಸಾಲೂ ತಪ್ಪದೆ ಕೇಳಿಸಿತಲ್ಲ," ಎಂದೆ. ಬಹಳ ವರ್ಷಗಳ ಮೇಲೆ ನಾನು ಆಡಿದ, ಸೇರಿಸಿದ್ದೇನೂ ಇಲ್ಲದ ಮಾತು ಅದು. "ನಿಮ್ಮ ಪೆಟ್ಟಿಗೆ ಅಷ್ಟು ಒಳ್ಳೇದಾ ಅಜ್ಜಾ?" ಎಂದು ಮೂಗೊರೆಸಿಕೊಳ್ಳುತ್ತ ಕೇಳಿದಳು. ಭಾನುವಾರ ಅವಳೇ ಬಂದಳು, ಎಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳಜ್ಜಿ ಎರಡನೇ ಚರಣವನ್ನು ಹನ್ನೊಂದು ಸಲ ಹಾಡಿಸಿದ ಮೇಲೆಯೇ ಅನ್ನ ಬಡಿಸಿದ್ದು. ಸೋಮವಾರ ಶಾಲೆಗೆ ಮರಳಿದಳು. ಇದನ್ನೆಲ್ಲ ಬರೆಯುತ್ತಿರುವುದು ಅವಳ ಒಪ್ಪಿಗೆಯಿಂದಲೇ.

ಆದ್ದರಿಂದ ಮಾನ್ಯರಲ್ಲಿ ನನ್ನ ಕೋರಿಕೆಗಳು ಅಲ್ಪ. ಇನ್ನು ಮುಂದೆ ತಾವು ಟಿವಿಯ ಹಣೆಯ ಮೇಲೆ ವಾಸಮಾಡಬೇಕು. ತಪ್ಪು ಕಿಂಡಿಗೆ ತಂತಿ ಹಾಕುವವನು ಬಂದರೆ ಕೆಮ್ಮಬೇಕು. ಅವನು ಮಾಜಿ ಧ್ವನಿವರ್ಧಕದವನಾಗಿದ್ದರೆ, ಅವನ ಹೆಂಡತಿಗೆ ನೇರವಾಗಿ ಕಾಗದ ಬರೆಯಬೇಕು. ಇದಾವುದೂ ಸಾಧ್ಯವಿಲ್ಲವಾದರೆ ಇದ್ದಲ್ಲೇ ಇರಿ. ಬಗ್ಗಿ ನೋಡುವುದನ್ನು ನಾನೇ ಕಲಿಯುತ್ತೇನೆ.

ಸೊಂಟ ಹಿಡಿದುಕೊಂಡಿರುವ,
ತಮ್ಮ ವಿಶ್ವಾಸಿ,
ಇಶೆನಾಲಿ

ಮರೆತ ಮಾತು: ಮೂರನೇ ಮಹಡಿಯ ಗಣಿತದ ಮೇಡಂ ಈ ಪತ್ರದ ಕರಡನ್ನು ಓದಿಯೂ, ತಮ್ಮ ಹೊಸ ಟಿವಿಗೆ ಸ್ಪೀಕರ್ ಜೋಡಿಸಿಕೊಡಲು ಶನಿವಾರ ನನ್ನನ್ನೇ ಕರೆದಿದ್ದಾರೆ. ಒಪ್ಪಿಕೊಂಡಿದ್ದೇನೆ. ಅವರ ಟಿವಿಗೆ ನಾಲ್ಕು ಕಿಂಡಿಗಳಂತೆ. ಅಲ್ಲಿನ ತಮ್ಮ ಬಂಧುಗಳು ಯಾರೆಂದು ಶುಕ್ರವಾರದೊಳಗೆ ತಿಳಿಸಿದರೆ ಉಪಕಾರ. ತಿಳಿಸದಿದ್ದರೆ, ಮೇಡಂಗೆ ಹಾಡಲು ಬರುವುದಿಲ್ಲ ಎಂಬುದು ತಮ್ಮ ಗಮನಕ್ಕಿರಲಿ.