ಅತ್ತೆಯ ಕಣ್ಣು, ಕಾರಿನ ಮುಚ್ಚಳ

ವಿಜ್ಞಾನದ ಮೇಷ್ಟ್ರುಗಳ ಕೈಗೆ ಮನೆಯಲ್ಲಿ ಸ್ಕ್ರೂಡ್ರೈವರ್ ಸಿಗದಂತೆ ನೋಡಿಕೊಳ್ಳಬೇಕು ಎಂಬುದು ನನ್ನ ಹೆಂಡತಿ ಗಿರಿಜೆಯ ಖಚಿತವಾದ ಅಭಿಪ್ರಾಯ. ನಾನು ಇಪ್ಪತ್ತೆರಡು ವರ್ಷಗಳಿಂದ ಬಂಗಾರಪೇಟೆಯ ಹೈಸ್ಕೂಲೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಗಾಳಿಗೆ ಒತ್ತಡವಿದೆ, ನೀರಿಗೆ ಒತ್ತಡವಿದೆ ಎಂದು ಸಾವಿರಾರು ಮಕ್ಕಳಿಗೆ ಮನವರಿಕೆ ಮಾಡಿಕೊಟ್ಟವನು. ಆದರೂ ನಮ್ಮ ಮನೆಯ ಮಿಕ್ಸಿ ಒಮ್ಮೆ ಗೊರ್ ಎಂದು ನಿಂತರೆ ಗಿರಿಜೆ ಮೊದಲು ಒರಳುಕಲ್ಲು ತೊಳೆದಿಟ್ಟು, ಆಮೇಲೆ ನನಗೆ ಸುದ್ದಿ ಮುಟ್ಟಿಸುತ್ತಾಳೆ. ಈ ಅಪನಂಬಿಕೆ ಅನ್ಯಾಯದ್ದು ಎಂದೇ ನಾನು ಬಹಳ ದಿನ ವಾದಿಸುತ್ತಿದ್ದೆ. ಈಗ ವಾದಿಸುವುದನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂಬುದನ್ನು ಹೇಳಬೇಕಾದರೆ ನಮ್ಮ ಕಾರಿನ ವಿಷಯ ಹೇಳಬೇಕು.

ಕಾರು ನಮ್ಮಪ್ಪನದು. ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಿದ್ದ ಅವರು ಗಣಿ ಮುಚ್ಚುವುದಕ್ಕೆ ಮೊದಲು ಕೊಂಡದ್ದು. ನಂದಿದುರ್ಗ ಗಣಿಯ ಕಾರ್ಮಿಕರ ಸಾಲಿನಲ್ಲಿರುವ ನಮ್ಮ ಲೈನ್ ಮನೆಯ ಮುಂದೆ ಅದು ನಿಂತಿರುವ ಜಾಗದಲ್ಲಿ ಹುಲ್ಲು ಹುಟ್ಟುವುದಿಲ್ಲ, ಅಷ್ಟು ವರ್ಷದಿಂದ ಅಲ್ಲೇ ನಿಂತಿದೆ. ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳು ಅಪ್ಪನ ಕಾಲದಲ್ಲೇ ಅರ್ಧಕ್ಕೆ ಬಂದು ಅಲ್ಲಿಯೇ ವಿಶ್ರಾಂತಿ ಪಡೆದಿತ್ತು. ಟ್ಯಾಂಕು ತುಂಬಿದ್ದರೂ ಅರ್ಧ, ಖಾಲಿಯಾದರೂ ಅರ್ಧ. ಇದೊಂದು ಬಿಟ್ಟರೆ ಕಾರು ಸಾಧು. ಈ ವರ್ಷ ಯುಗಾದಿ ಕಳೆದ ಮೇಲೆ ಮಾತ್ರ ಅದಕ್ಕೆ ಏನೋ ಆಯಿತು. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಏಳೆಂಟು ಕಿಲೋಮೀಟರ್ ಓಡಿ, ಒಂದೆರಡು ಸಲ ಬಿಕ್ಕಳಿಸಿ, ನಡುರಸ್ತೆಯಲ್ಲಿ ನಿಂತುಬಿಡುತ್ತಿತ್ತು. ಕೀಲಿ ತಿರುವಿದರೆ ಇಂಜಿನ್ ಕೊಸಕೊಸ ತಿರುಗುವುದೇ ಹೊರತು ಹತ್ತಿಕೊಳ್ಳುತ್ತಿರಲಿಲ್ಲ.

ಮೊದಲ ಸಲ ನಿಂತಾಗ ನಮ್ಮ ಮೆಕ್ಯಾನಿಕ್ ಧನಪಾಲ್ ಬಂದ. ಟ್ಯಾಂಕಿನ ಮುಚ್ಚಳ ತೆಗೆದು, ಬೇವಿನ ಕಡ್ಡಿ ಇಳಿಬಿಟ್ಟು, ಪೆಟ್ರೋಲ್ ಇರುವುದನ್ನು ಖಾತ್ರಿ ಮಾಡಿಕೊಂಡು, ಸ್ಪ್ಯಾನರಿನಿಂದ ಕಾರ್ಬುರೇಟರಿಗೆ ಮೂರು ಏಟು ಕೊಟ್ಟ. ಕಾರು ಸ್ಟಾರ್ಟ್ ಆಯಿತು. ಕಾರ್ಬುರೇಟರ್ ಒಳಗೆ ಏನೋ ಕಚ್ಚಿಕೊಳ್ಳುತ್ತಿದೆ ಸಾರ್ ಎಂದ. ನಾನು ಅದನ್ನು ಪುಸ್ತಕದಲ್ಲಿ ಬರೆದುಕೊಂಡೆ. ಎರಡನೆಯ ಸಲ ನಿಂತದ್ದು ಮಾರಿಕುಪ್ಪಂ ಸ್ಟೇಷನ್ ಹತ್ತಿರ. ಅಲ್ಲೊಬ್ಬ ಲಾರಿ ಡ್ರೈವರ್ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಇಣುಕಿ, ಪೆಟ್ರೋಲ್ ಪಂಪು ಕಾದು ಎಣ್ಣೆ ಎತ್ತುತ್ತಿಲ್ಲವೆಂದು ತೀರ್ಮಾನಿಸಿ, ಅದರ ಮೇಲೆ ಒದ್ದೆ ಟವೆಲ್ ಹೊದಿಸಿದ. ಕಾರು ಸ್ಟಾರ್ಟ್ ಆಯಿತು. ಅದನ್ನೂ ಬರೆದುಕೊಂಡೆ. ಮೂರನೆಯ ಸಲ ಯಾರೂ ಸಿಗಲಿಲ್ಲ. ಮುಚ್ಚಳ ತೆಗೆದು ನೋಡಿದೆ, ಮೂರು ಏಟು ಕೊಟ್ಟೆ, ಟವೆಲ್ ಹೊದಿಸಿದೆ. ಅಷ್ಟರಲ್ಲಿ ಮುಂದಿನ ಸೀಟಿನಲ್ಲಿದ್ದ ಗಿರಿಜೆ ಸಿಟ್ಟು ಮಾಡಿಕೊಂಡು ಇಳಿದು ಹಿಂದಿನ ಸೀಟಿನ ಎಡಮೂಲೆಗೆ ಹೋಗಿ ಕುಳಿತಳು. ಆಗ ಸ್ಟಾರ್ಟ್ ಆಯಿತು. ವೀಕ್ಷಣೆಯನ್ನು ವೀಕ್ಷಣೆ ಎಂದೇ ದಾಖಲಿಸಬೇಕು, ಅದು ನಾನು ಮಕ್ಕಳಿಗೆ ಹೇಳಿಕೊಡುವ ಮಾತು. ಹಾಗಾಗಿ, "ಪತ್ನಿ, ಹಿಂದಿನ ಎಡ ಸೀಟು" ಎಂದೂ ಬರೆದೆ.

ಎರಡು ತಿಂಗಳಾಗುವ ಹೊತ್ತಿಗೆ ಇದೊಂದು ಪೂಜಾವಿಧಿಯೇ ಆಗಿಹೋಗಿತ್ತು. ಕಾರು ನಿಂತ ಕೂಡಲೇ ಮುಚ್ಚಳ ತೆಗೆಯುವುದು, ಕಡ್ಡಿ ಅದ್ದುವುದು, ಮುಚ್ಚುವುದು, ಮೂರು ಏಟು, ಒದ್ದೆ ಟವೆಲ್, ಕಾರನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲುಗಾಡಿಸುವುದು, ಗಿರಿಜೆಯ ಸ್ಥಾನಪಲ್ಲಟ. ಪ್ರತಿ ಸಲವೂ ಕಾರು ಹೊರಡುತ್ತಿತ್ತು. ಈ ನಡುವೆ ಧನಪಾಲ್ ಹೊಸ ಪಂಪು ಹಾಕಿದ, ಫಿಲ್ಟರ್ ಬದಲಿಸಿದ, ಪ್ಲಗ್ಗು ಬದಲಿಸಿದ, ಕಾರ್ಬುರೇಟರ್ ಬಿಚ್ಚಿ ತೊಳೆದ. ಅವನ ಅಂಗಡಿಯ ಸುತ್ತ ಮೂರು ಸುತ್ತು ಹೊಡೆಸಿದರೆ ಕಾರು ಕುದುರೆಯಂತೆ ಓಡುತ್ತಿತ್ತು. ತನ್ನ ಕೈಗೆ ಬಂದರೆ ಇದಕ್ಕೆ ಒಳ್ಳೆಯ ಬುದ್ಧಿ ಬರುತ್ತದೆ, ತಪ್ಪು ಓಡಿಸುವವರಲ್ಲಿ ಇರಬೇಕು ಎಂದು ಅವನು ಬಹಳ ವಿನಯದಿಂದ ಸೂಚಿಸಿದ.

ಇಂಥ ಸಂದರ್ಭದಲ್ಲಿ ಅತ್ತೆಯ ಕಣ್ಣಿನ ಆಪರೇಷನ್ ಬಂತು. ನಮ್ಮ ಅತ್ತೆ ಮುನಿಯಮ್ಮನವರು ಕಾಮಸಮುದ್ರದ ಹತ್ತಿರದ ಹಳ್ಳಿಯವರು. ನಾಲ್ಕು ಹಸು ಕಟ್ಟಿ ಡೈರಿಗೆ ಹಾಲು ಹಾಕುವ ಗಟ್ಟಿ ಹೆಂಗಸು. ಎರಡು ಕಣ್ಣಿಗೂ ಪೊರೆ ಬಂದು, ಹಸುಗಳನ್ನು ಮುಟ್ಟಿ ಗುರುತು ಹಿಡಿಯುವ ಸ್ಥಿತಿ ತಲುಪಿದ್ದರೂ ಕಣ್ಣಿಗೆ ಚಾಕು ಹಾಕಿಸಿಕೊಳ್ಳಲು ಒಪ್ಪಿರಲಿಲ್ಲ. ಎರಡು ಸಲ ದಿನ ಗೊತ್ತಾಗಿ, ಒಮ್ಮೆ ಬೆಕ್ಕು ಅಡ್ಡ ಬಂತೆಂದು, ಇನ್ನೊಮ್ಮೆ ಹಸು ಕೆಮ್ಮಿತೆಂದು ಮನೆಗೆ ಮರಳಿದ್ದರು. ಇಂಥ ಮೂಢನಂಬಿಕೆಗಳ ವಿರುದ್ಧ ನಾನು ಅವರಿಗೆ ದೀರ್ಘವಾಗಿ ಬೋಧಿಸಿ, ಅಂತೂ ಒಂದು ಕಣ್ಣಿಗೆ ಒಪ್ಪಿಸಿದೆ. ಬೆಳಿಗ್ಗೆ ಒಂಬತ್ತಕ್ಕೆ ಬಂಗಾರಪೇಟೆಯ ಆಸ್ಪತ್ರೆಯಲ್ಲಿರಬೇಕು. ಬಸ್ಸಿನಲ್ಲಿ ಹೋಗೋಣವೆಂದು ಗಿರಿಜೆ ಅಂಗಲಾಚಿದಳು. ಮನೆಯಲ್ಲಿ ಕಾರಿಟ್ಟುಕೊಂಡು ಅತ್ತೆಯನ್ನು ಬಸ್ಸಿನಲ್ಲಿ ಕರೆದೊಯ್ಯುವ ಅಳಿಯ ನಾನಲ್ಲ ಎಂದುಬಿಟ್ಟೆ.

ಹಿಂದಿನ ಸಂಜೆಯೇ ಹೋಗಿ ಅತ್ತೆಯ ಮನೆಯಲ್ಲಿ ಉಳಿದಿದ್ದೆವು. ಬೆಳಿಗ್ಗೆ ಕಾಮಸಮುದ್ರ ಬಿಟ್ಟು ಎಂಟು ಕಿಲೋಮೀಟರಿಗೆ ಸರಿಯಾಗಿ, ಒಂದು ಟೊಮೆಟೊ ತೋಟದ ಪಕ್ಕದಲ್ಲಿ, ಕಾರು ಬಿಕ್ಕಳಿಸಿ ನಿಂತಿತು. ಅತ್ತೆ ಹಿಂದಿನ ಸೀಟಿನಲ್ಲಿ ಸೆರಗು ಹೊದ್ದು ಕೂತಿದ್ದವರು, ಇದು ಯಾಕೋ ಸರಿಹೋಗಲಿಲ್ಲ, ಇನ್ನೊಂದು ಸಲ ನಿಂತರೆ ತಾನು ಊರಿಗೆ ವಾಪಸ್ಸು ಎಂದು ಘೋಷಿಸಿದರು. ಗಿರಿಜೆ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ನಾನು ಇಳಿದು ಪೂಜಾವಿಧಿ ನಡೆಸಿದೆ. ಒಂದು ತೊಡಕು ಬಂತು. ಎಡಮೂಲೆಯಲ್ಲಿ ಅತ್ತೆ ಕೂತಿದ್ದರು, ಗಿರಿಜೆ ಕೂರಬೇಕಾದ ಜಾಗ ಅದು. ತಾಯಿಯನ್ನು ಬಲಕ್ಕೆ ಸರಿಸಿ ಮಗಳನ್ನು ಎಡಕ್ಕೆ ಕೂರಿಸಿದೆ. ಕಾರು ಹೊರಟಿತು. ಬೆಕ್ಕಿಗೆ ಹೆದರುವ ಹೆಂಗಸನ್ನು ತಿದ್ದಿದ ವಿಜ್ಞಾನಿ ನಾನೇ ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಮುಂದೆ ಆರು ಕಿಲೋಮೀಟರಿಗೆ ಮತ್ತೆ ನಿಂತಿತು. ಎಂಟೂವರೆ ಆಗಿತ್ತು. ಟೊಮೆಟೊ ತುಂಬಿದ ಟ್ರ್ಯಾಕ್ಟರೊಂದು ಪಕ್ಕದಲ್ಲಿ ನಿಂತಿತು. ಅದರ ಯಜಮಾನ, ಕಿವಿಯ ಮೇಲೆ ಬೀಡಿ ಸಿಕ್ಕಿಸಿಕೊಂಡಿದ್ದ ವೆಂಕಟರಾಮಪ್ಪ ಎಂಬವನು, ಏಮೈಂದಿ ಸಾರ್ ಎಂದು ತೆಲುಗಿನಲ್ಲಿ ಏನಾಯಿತೆಂದು ವಿಚಾರಿಸುತ್ತಲೇ ಬಂದು ಎಲ್ಲರಂತೆ ಮುಚ್ಚಳ ತಿರುವಿದ. ಅತ್ತೆ ಬಾಗಿಲು ತೆಗೆದು ಒಂದು ಕಾಲನ್ನು ಆಗಲೇ ರಸ್ತೆಗೆ ಇಟ್ಟಿದ್ದರು. ಅಲ್ಲಿಗೇ ನಿಂತರು. ಕಣ್ಣು ಮಂಜಾದ ಮೇಲೆ ಅವರ ಕಿವಿ ಬಹಳ ಚುರುಕಾಗಿತ್ತು.

"ಅಳಿಯಂದ್ರೇ, ಆ ಮುಚ್ಚಳ ತೆಗ್ದಾಗ ಉಸ್ ಅಂತ ಸದ್ದು ಬಂತಲ್ಲ. ಆಗ್ಲೂ ಬಂದಿತ್ತು. ಅದೇನು?"

ನಾನು ಒದ್ದೆ ಟವೆಲ್ ಹಿಂಡುತ್ತಾ, ಅದೇನೂ ಇಲ್ಲ, ಗಾಳಿ ಎಂದೆ.

"ಗಾಳಿನೇ ಕಣಪ್ಪ. ಎಣ್ಣೆ ಡಬ್ಬಕ್ಕೆ ಒಂದೇ ತೂತ ಮಾಡಿದ್ರೆ ಎಣ್ಣೆ ಬೀಳಲ್ಲ. ಗಾಳಿ ಒಳಕ್ಕೆ ಓಗಕ್ಕೆ ಇನ್ನೊಂದು ತೂತ ಬೇಕು. ನಿಮ್ ಗಾಡಿಗೆ ಉಸಿರು ಕಟ್ತಾ ಐತೆ. ಆ ಮುಚ್ಚಳ ಸಡ್ಲ ಬಿಡಿ, ಮಿಕ್ಕಿದ್ದೇನೂ ಮಾಡ್ಬೇಡಿ."

ವೆಂಕಟರಾಮಪ್ಪ ತಲೆಯಾಡಿಸಿ, ಅಮ್ಮ ಹೇಳೋದು ಸರಿ ಎಂದ. ನಾನು ಟವೆಲ್ ಹಿಡಿದುಕೊಂಡೇ ನಿಂತಿದ್ದೆ. ಟ್ಯಾಂಕಿನಿಂದ ಪೆಟ್ರೋಲ್ ಹೋಗುತ್ತಾ ಹೋಗುತ್ತಾ ಒಳಗೆ ಜಾಗ ಖಾಲಿಯಾಗುತ್ತದೆ, ಅಲ್ಲಿಗೆ ಗಾಳಿ ಬಾರದಿದ್ದರೆ ಪಂಪು ಎಷ್ಟೆಂದು ಎಳೆದೀತು? ಒಂಬತ್ತನೆಯ ತರಗತಿಗೆ ಹಿಂದಿನ ವಾರವೇ ಈ ಪಾಠ ಮಾಡಿ, ಚಿತ್ರ ಬರೆದು, ಪ್ರಶ್ನೆಯನ್ನೂ ಕೊಟ್ಟಿದ್ದೆ. ಏಟಿಗೂ ಟವೆಲಿಗೂ ಹೆಂಡತಿಗೂ ಕಾರು ಬಗ್ಗಿರಲಿಲ್ಲ. ಪೆಟ್ರೋಲ್ ಇದೆಯೇ ಎಂದು ಎಲ್ಲರೂ ಮೊದಲು ಮುಚ್ಚಳ ತೆಗೆಯುತ್ತಿದ್ದರು, ರೋಗ ಅಲ್ಲಿಗೇ ವಾಸಿಯಾಗುತ್ತಿತ್ತು. ಆಮೇಲೆ ಮಾಡಿದ್ದೆಲ್ಲ ಚೆನ್ನಾಗಿರುವ ರೋಗಿಗೆ ಚಿಕಿತ್ಸೆ. ಮುಚ್ಚಳವನ್ನು ಅರ್ಧ ಸುತ್ತು ಸಡಿಲ ಬಿಟ್ಟೆ. ಕಾರು ನಿಂತ ಮೇಲೂ ಗಿರಿಜೆ ಎರಡು ತಿಂಗಳಲ್ಲಿ ಮೊದಲ ಬಾರಿಗೆ ಮುಂದಿನ ಸೀಟಿನಲ್ಲಿ ರಾಣಿಯಂತೆ ಕೂತಳು. ಕಾರು ಎಲ್ಲೂ ಕೆಮ್ಮದೆ ಬಂಗಾರಪೇಟೆ ಸೇರಿತು. ಒಂಬತ್ತಕ್ಕೆ ಐದು ನಿಮಿಷ ಇರುವಾಗ ಅತ್ತೆ ತಾವೇ ಮುಂದಾಗಿ ಆಸ್ಪತ್ರೆಯ ಮೆಟ್ಟಿಲು ಹತ್ತಿದರು. ಗಾಡಿಯ ರೋಗವನ್ನು ತಾನೇ ಹಿಡಿದ ಮೇಲೆ ಡಾಕ್ಟರಿಗೆ ಹೆದರುವುದೇನು ಎಂದುಕೊಂಡಿರಬೇಕು. ಆಪರೇಷನ್ ಸುಸೂತ್ರವಾಯಿತು.

ಇಷ್ಟಕ್ಕೇ ಮುಗಿದಿದ್ದರೆ ನನ್ನ ಮರ್ಯಾದೆ ಅಷ್ಟೋ ಇಷ್ಟೋ ಉಳಿಯುತ್ತಿತ್ತು. ಹತ್ತು ದಿನದ ನಂತರ ಧನಪಾಲ್ ಮನೆಗೆ ಬಂದ. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಧನಪಾಲ್ ಮುಚ್ಚಳವನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದ, "ಸಾರ್, ಇದರಲ್ಲಿ ಗಾಳಿಗೆ ಅಂತ್ಲೇ ಒಂದು ತೂತು ಇರ್ತದೆ. ಅದನ್ನ ಯಾರೋ ಅಂಟು ಮೆತ್ತಿ ಮುಚ್ಚಿದ್ದಾರೆ. ಯಾವ ಮಡಯನ್ ಸಾರ್ ಇದನ್ನ ಮಾಡಿದ್ದು?"

ಮಡಯನ್ ಎಂದರೆ ತಮಿಳಿನಲ್ಲಿ ದಡ್ಡ. ನಮ್ಮೂರಿನಲ್ಲಿ ಇದಕ್ಕೆ ಅನುವಾದ ಬೇಕಾಗುವುದಿಲ್ಲ. ಆ ಕ್ಷಣದಲ್ಲೇ ನನಗೆ ನೆನಪಾಯಿತು. ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದು ತಲೆ ನೋಯುತ್ತದೆಂದು ಗಿರಿಜೆ ಹೇಳಿದ್ದಳು. ಯುಗಾದಿಯ ಹಿಂದಿನ ಭಾನುವಾರ ನಾನು ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತು ಕಂಡು, ಕಾರು ಮಾಡಿದವರ ಅಜಾಗರೂಕತೆಗೆ ಮರುಗಿ, ಎರಡು ಬಣ್ಣದ ಅಂಟು ಕಲಸಿ ನೀಟಾಗಿ ಮುಚ್ಚಿದ್ದೆ. ಹಳೇ ಗಾಡಿ, ಯಾರು ಯಾರ ಕೈಗೆ ಹೋಗಿತ್ತೋ ಏನೋ ಎಂದೆ. ಅದು ನಮ್ಮಪ್ಪನ ಕೈಯಿಂದ ನನ್ನ ಕೈಗೆ ಬಂದದ್ದು ಬಿಟ್ಟರೆ ಇನ್ನೆಲ್ಲಿಗೂ ಹೋದದ್ದಿಲ್ಲ.

ಅತ್ತೆ ಆ ಮುಚ್ಚಳ ಇಲ್ಲಿ ಕೊಡಪ್ಪ ಎಂದು ಕೈ ಚಾಚಿದರು. ಕನ್ನಡಕ ಹಣೆಗೇರಿಸಿ, ಹೊಸ ಕಣ್ಣಿನ ಹತ್ತಿರ ಹಿಡಿದು, ಸಾವಕಾಶವಾಗಿ ನೋಡಿದರು.

"ಗಿರಿಜಾ, ನನ್ ಕಣ್ಣು ಮಂಜಾಗಕ್ಕೆ ಮುಂಚೆ ನಮ್ಮ ಕೊಟ್ಟಿಗೆ ಡ್ರಮ್ಮಿಗೆ ಅಳಿಯಂದ್ರು ಮೆತ್ತಿದ್ರಲ್ಲ, ಅದೇ ಬೂದು ಅಂಟು ಕಣೆ. ನೋಡು, ಎಬ್ಬೆಟ್ಟಿನ ಗೆರೆ ಕೂಡ ಎಷ್ಟು ಚೆಂದಾಗಿ ಕಾಣ್ತದೆ."

ಆಪರೇಷನ್ ಯಶಸ್ವಿಯಾಗಿದೆ ಎಂಬುದಕ್ಕೆ ಬೇರೆ ಪರೀಕ್ಷೆ ಬೇಕಾಗಲಿಲ್ಲ. ಧನಪಾಲ್ ಬಹಳ ಹೊತ್ತು ಆಕಾಶ ನೋಡಿದ. ಗಿರಿಜೆ ಒಳಗೆ ಹೋಗಿ ಅಂಟಿನ ಡಬ್ಬಿ, ಸ್ಕ್ರೂಡ್ರೈವರ್, ಇಕ್ಕಳ ಎಲ್ಲವನ್ನೂ ಟ್ರಂಕಿಗೆ ಹಾಕಿ ಬೀಗ ಜಡಿದಳು. ಇನ್ನೊಂದು ಕಣ್ಣಿನದ್ದೂ ಬೇಗ ಮಾಡಿಸಿಬಿಡೋಣ ಎಂದು ಅತ್ತೆ ಈಗ ದಿನವೂ ಹೇಳುತ್ತಿದ್ದಾರೆ. ಅದಕ್ಕೆ ಅಂಥ ಅವಸರವೇನಿಲ್ಲ, ಇರುವ ಕಣ್ಣೇ ಸಾಕಷ್ಟು ಚೆನ್ನಾಗಿದೆ ಎಂದು ನಮ್ಮ ಮನೆಯಲ್ಲಿ ವಾದಿಸುತ್ತಿರುವವನು ನಾನೊಬ್ಬನೇ.